ಮಖಮಲ್ಲಿನ ತೋಳು, ಕುರುಚಲು ಗಡ್ಡ

ನ್ಯೂಯಾರ್ಕಿನ ಫ್ರಿಕ್ ಸಂಗ್ರಹಾಲಯದಲ್ಲಿ 1527ರ ಒಂದು ಭಾವಚಿತ್ರವಿದೆ. ಓಕ್ ಹಲಗೆಯ ಮೇಲೆ ಅದನ್ನು ಬರೆದವನು ಹ್ಯಾನ್ಸ್ ಹೋಲ್ಬೈನ್. ಚಿತ್ರದಲ್ಲಿರುವವರು ಥಾಮಸ್ ಮೋರ್, ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಆಪ್ತ ಸಲಹೆಗಾರ. ಇನ್ನೆರಡು ವರ್ಷಕ್ಕೆ ಅವರು ಆ ರಾಜ್ಯದ ಲಾರ್ಡ್ ಚಾನ್ಸೆಲರ್ ಆದರು.

ತುಪ್ಪಳದ ಅಂಚಿನ ನಿಲುವಂಗಿ, ಕೆಂಪು ಮಖಮಲ್ಲಿನ ತೋಳು, ಹೆಗಲ ಮೇಲೆ ರಾಜಸೇವೆಯ ಚಿನ್ನದ ಸರ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಗದ್ದದ ಮೇಲಿನ ಕುರುಚಲು ಗಡ್ಡ. ಸರಿಯಾಗಿ ಕ್ಷೌರವಾಗಿಲ್ಲ, ಕಣ್ಣಲ್ಲಿ ಕೆಲಸದ ದಣಿವಿದೆ. ಮಖಮಲ್ಲಿಗೆ ಕೊಟ್ಟಷ್ಟೇ ಶ್ರದ್ಧೆಯನ್ನು ಹೋಲ್ಬೈನ್ ಆ ಒರಟು ಕೂದಲಿಗೂ ಕೊಟ್ಟಿದ್ದಾನೆ. ಅಧಿಕಾರಸ್ಥರನ್ನು ಹೀಗೆ ನೋಡಲು ಧೈರ್ಯ ಬೇಕು. ತಮ್ಮನ್ನು ಹೀಗೆ ಬರೆಯಲು ಬಿಡುವುದಕ್ಕೂ ಬೇಕು.

ಮೋರ್ ಕಳಂಕವಿಲ್ಲದವರಲ್ಲ. ಅವರ ಅಧಿಕಾರಾವಧಿಯಲ್ಲೇ ಪ್ರೊಟೆಸ್ಟೆಂಟರನ್ನು ಜೀವಂತ ಸುಟ್ಟರು, ಅದನ್ನು ಅವರು ಸಮರ್ಥಿಸಿದರು. ಅದೇ ಮನುಷ್ಯ, ದೊರೆಯನ್ನು ಚರ್ಚಿನ ಪರಮಾಧಿಕಾರಿಯೆಂದು ಒಪ್ಪದೆ 1535ರಲ್ಲಿ ತಲೆಕೊಟ್ಟರು. ಈ ಎರಡನ್ನೂ ಒಟ್ಟಿಗೆ ನೆನೆದೇ ಆ ಮುಖವನ್ನು ನೋಡಬೇಕೆನಿಸುತ್ತದೆ.

ಅದೇ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಇನ್ನೊಂದು ಬದಿಗೆ, ಹೋಲ್ಬೈನ್ ಬರೆದ ಮತ್ತೊಂದು ಚಿತ್ರವಿದೆ: ಮೋರ್ ಪತನದಲ್ಲಿ ಕೈಯಿದ್ದ ಥಾಮಸ್ ಕ್ರಾಮ್‌ವೆಲ್. 1540ರಲ್ಲಿ ಅದೇ ದೊರೆ ಅವನ ತಲೆಯನ್ನೂ ತೆಗೆಸಿದ.