ಪೆನ್ಪಾ, ಶನಿ ಮತ್ತು ಒಂದು ಪೆನ್ಸಿಲ್

ಒಡೆಯರಪಾಳ್ಯದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಪಕ್ಕದ ಟಿಬೆಟನ್ ಕ್ಯಾಂಪಿನಿಂದ ಬಂದಿರುವ ಹಿರಿಯರೇ, ಮಕ್ಕಳೇ,

ದೀಪ ಹಚ್ಚಿ ಎಂದಿರಿ, ಹಚ್ಚಿದ್ದೇನೆ. ಮಾತು ಮುಗಿದ ಕೂಡಲೇ ಅದನ್ನು ದೊಡ್ಡದು ಮಾಡಬೇಕು, ಮೈದಾನದ ಲೈಟೂ ಆರಬೇಕು. ಆಕಾಶ ನೋಡುವ ಮೇಳಕ್ಕೆ ಕತ್ತಲೆಯೇ ಚಪ್ಪರ.

ಇವತ್ತು ನೋಡುವುದು ಶನಿಯನ್ನು. ಹೆಸರು ಕೇಳಿದರೆ ಸಾಕು, ನಮ್ಮವರು ಎಳ್ಳೆಣ್ಣೆ ಹುಡುಕುತ್ತಾರೆ. ಟಿಬೆಟನ್ ಭಾಷೆಯಲ್ಲಿ ಶನಿಗೂ ಶನಿವಾರಕ್ಕೂ ‘ಪೆನ್ಪಾ’ ಎನ್ನುತ್ತಾರೆ. ಆ ದಿನ ಹುಟ್ಟಿದ ಮಗುವಿಗೂ ಅದೇ ಹೆಸರಿಡುವುದುಂಟು. ನಾವು ಮಕ್ಕಳನ್ನು ಶನಿ ಎನ್ನುವುದು ಬೈಯುವಾಗ ಮಾತ್ರ!

1610ರ ಜುಲೈನಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ಇದೇ ಗ್ರಹಕ್ಕೆ ತಿರುಗಿಸಿದ. ಅವನಿಗೆ ಬಳೆ ಕಾಣಲಿಲ್ಲ. ನಡುವೆ ಒಂದು ದೊಡ್ಡ ಗುಂಡು, ಅಕ್ಕಪಕ್ಕ ಎರಡು ಚಿಕ್ಕವು. ಮೂರು ಗ್ರಹ ಒತ್ತಿಕೊಂಡು ನಿಂತಿವೆ ಎಂದುಕೊಂಡ. 1612ರಲ್ಲಿ ನೋಡಿದರೆ ಪಕ್ಕದ ಎರಡೂ ಮಾಯ! ತಬ್ಬಿಬ್ಬಾದ, ಆದರೂ ಕಂಡದ್ದನ್ನು ಮುಚ್ಚಿಡಲಿಲ್ಲ. 1616ರಲ್ಲಿ ಪಾತ್ರೆಯ ಹಿಡಿಗಳಂತೆ ಎರಡು ಕಿವಿ ಕಂಡವು, ಅದನ್ನೂ ಬಿಡಿಸಿಟ್ಟ. ಹಳಬರ ಇಂಥ ಚಿತ್ರಗಳನ್ನೆಲ್ಲ ಮುಂದಿಟ್ಟುಕೊಂಡು 1659ರಲ್ಲಿ ಹೈಗೆನ್ಸ್ ಎಂಬ ಖಗೋಳಜ್ಞ ಗುಟ್ಟು ಬಿಚ್ಚಿದ: ಗ್ರಹಕ್ಕೆ ಎಲ್ಲೂ ತಾಗದ ತೆಳು ಬಳೆಯೊಂದು ಸುತ್ತ ಇದೆ, ಅದರ ಅಂಚು ನಮ್ಮ ಕಡೆ ತಿರುಗಿದಾಗ ಕಣ್ಣಿಗೆ ಸಿಗುವುದಿಲ್ಲ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. 2025ರ ಮಾರ್ಚ್‌ನಲ್ಲೂ ಆಯಿತು.

ನಮ್ಮ ಕಡೆಯದೇ ಒಂದು ಕಥೆಯೂ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಎದುರು ಹಾದುಹೋಗುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಭಟ್ಟಾಚಾರ್ಯ, ಕುಪ್ಪುಸ್ವಾಮಿ ಕಾದು ಕುಳಿತಿದ್ದರು. ನಕ್ಷತ್ರದ ಬೆಳಕು ನಡುವೆ ಒಮ್ಮೆ ಕುಂದಿತು. ಹೊಸ ಉಪಗ್ರಹವಿರಬೇಕೆಂದು ಅವರು ಬರೆದರು. ವಿಮಾನದಿಂದ ಅದನ್ನೇ ನೋಡುತ್ತಿದ್ದ ಅಮೆರಿಕದವರಿಗೆ ಬೆಳಕು ಹಲವು ಸಲ ಕುಂದಿದ್ದು ಕಂಡಿತು. ಅದು ಬಳೆಗಳ ಕೆಲಸವೆಂದು ತಿಳಿಯಿತು. ಕಾವಲೂರಿನ ಊಹೆ ತಪ್ಪಿತ್ತು, ದಾಖಲೆ ತಪ್ಪಿರಲಿಲ್ಲ. ನನಗೆ ಆ ದಾಖಲೆಯ ಮೇಲೇ ಪ್ರೀತಿ ಜಾಸ್ತಿ.

ಅದಕ್ಕೇ ಮೇಷ್ಟ್ರಿಗೆ ಹೇಳಿ ಒಂದು ಕಟ್ಟು ಹಾಳೆ, ಪೆನ್ಸಿಲ್ ಇಡಿಸಿದ್ದೇನೆ. ಮಕ್ಕಳೇ, ಪಠ್ಯಪುಸ್ತಕದ ಶನಿಯನ್ನು ಬಿಡಿಸಬೇಡಿ. ನಿಮ್ಮ ಕಣ್ಣಿಗೆ ಕಡ್ಡಿಯಲ್ಲಿ ಚುಚ್ಚಿದ ಗೋಲಿಯಂತೆ ಕಂಡರೆ ಹಾಗೇ ಬಿಡಿಸಿ, ಪಕ್ಕದವನ ಹಾಳೆ ನೋಡಬೇಡಿ. ದೂರದರ್ಶಕದ ಕೊಳವೆ ಮುಟ್ಟಬೇಡಿ, ಅಲುಗಿದರೆ ಶನಿ ಜಾರಿಹೋಗುತ್ತಾನೆ, ಮತ್ತೆ ಹುಡುಕುವುದು ನನ್ನ ಕರ್ಮ. ಕುಳ್ಳಗಿರುವವರು ಮೊದಲು ಬನ್ನಿ.

ಲೈಟ್ ಆರಿಸಪ್ಪ.