ಮುಷ್ಟಿಯುದ್ಧದ ಜಗಜಟ್ಟಿ

(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರದ ವಿಷಯ ಬಿಟ್ಟು ಈ ಹೊತ್ತು ಮುಷ್ಟಿಯುದ್ಧದ ಮಾತೆತ್ತಿದ್ದಕ್ಕೆ ಹಿರಿಯರು ನಗಬಹುದು. ಕಾರಣವಿದೆ. ಸಂಜೆಯಾದರೆ ನಮ್ಮ ಹುಡುಗರು ಕೈಗೆ ಬಟ್ಟೆ ಸುತ್ತಿಕೊಂಡು ಒಬ್ಬರ ತಲೆಗೊಬ್ಬರು ಗುದ್ದುವುದನ್ನು ತಾವೂ ನೋಡಿದ್ದೀರಿ. ತೋಳಿನಲ್ಲಿ ಕಸುವಿದ್ದರೆ ಜಗಜಟ್ಟಿಯಾಗಬಹುದೆಂದು ಅವರ ಎಣಿಕೆ. ಅದು ಹಾಗಲ್ಲ.

ಮಣಿಪುರದ ಮೇರಿ ಕೋಮ್ ಅವರನ್ನು ನೋಡಿ. ತಂದೆತಾಯಿ ಹೊಲದಲ್ಲಿ ದುಡಿದು ಬದುಕಿದವರು. ಮಗಳೂ ಆ ಕೆಲಸ ಮಾಡುತ್ತಲೇ ಬೆಳೆದವರು. ಎತ್ತರ ಸುಮಾರು ಐದಡಿ ಎರಡಂಗುಲ, ಅಷ್ಟೇ. ೧೯೯೮ರಲ್ಲಿ ಅದೇ ಸೀಮೆಯ ಡಿಂಗ್ಕೊ ಸಿಂಗ್ ಬ್ಯಾಂಕಾಕಿನ ಏಷ್ಯಾ ಕ್ರೀಡೆಗಳಲ್ಲಿ ಚಿನ್ನ ಗೆದ್ದುದು ಆಕೆಯ ಮನಸ್ಸನ್ನು ಈ ಕಡೆ ತಿರುಗಿಸಿತು. ಮನೆಯಲ್ಲಿ ತಿಳಿಸದೆ ಕಲಿತರು. ೨೦೦೦ದಲ್ಲಿ ರಾಜ್ಯಮಟ್ಟದಲ್ಲಿ ಗೆದ್ದಾಗ ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿಯೇ ತಂದೆಗೆ ಗೊತ್ತಾದದ್ದು. ಮುಖಕ್ಕೆ ಗಾಯವಾದರೆ ಮದುವೆ ಹೇಗೆಂದು ಅವರಿಗೆ ಚಿಂತೆ. ನಮ್ಮಲ್ಲಿ ಯಾವ ತಂದೆಗೆ ಬಾರದ ಚಿಂತೆ ಅದು? ಆ ಮಗಳು ೨೦೦೧ರಲ್ಲಿ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ತಂದರು. ೨೦೦೨ರಿಂದ ೨೦೧೮ರೊಳಗೆ ಆರು ಸಲ ಚಿನ್ನ.

ಇನ್ನು ಗುದ್ದಿನ ಗುಟ್ಟು. ಸೌದೆ ಸೀಳುವವರನ್ನು ಗಮನಿಸಿ. ಬರೀ ತೋಳಿನಿಂದ ಕೊಡಲಿ ಬೀಸುವವನು ಬೇಗ ಸೋಲುತ್ತಾನೆ. ಕಾಲೂರಿ, ಸೊಂಟ ತಿರುವಿ ಬೀಸುವವನು ಮಧ್ಯಾಹ್ನದವರೆಗೂ ಸೀಳುತ್ತಾನೆ. ಮುಷ್ಟಿಯ ಬಲವೂ ನೆಲದಿಂದಲೇ ಹುಟ್ಟಿ, ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ ಬರುತ್ತದೆ. ಅದಕ್ಕೇ ಬಲ್ಲ ಗುರುಗಳು ಮೊದಲು ಕಾಲಿಗೆ ಪಾಠ ಹೇಳುತ್ತಾರೆ. ಎದುರಾಳಿಯ ಕೈಗೆ ಎಟುಕದಷ್ಟು ದೂರ ನಿಲ್ಲಬೇಕು, ಹೊಡೆಯಲು ಒಳಕ್ಕೆ ನುಗ್ಗಬೇಕು, ಅವನು ತಿರುಗಿ ಹೊಡೆಯುವ ಮೊದಲೇ ಪಕ್ಕಕ್ಕೆ ಸರಿಯಬೇಕು. ಮೇರಿ ಕೋಮ್ ಗಿಡ್ಡ ಆಳಾದ್ದರಿಂದ ಈ ವಿದ್ಯೆಯೇ ಅವರ ಆಸ್ತಿಯಾಯಿತು. ಮೇಲಾಗಿ ಅವರದು ಎಡಚರ ನಿಲುವು. ಬಲಗೈ ಆಟಗಾರರೊಡನೆ ಆಡಿ ರೂಢಿಯಾದವರಿಗೆ ಪೆಟ್ಟು ಬರುವ ದಿಕ್ಕೇ ಬೇರೆ ಕಾಣುತ್ತದೆ.

೨೦೧೨ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಹೆಂಗಸರ ಮುಷ್ಟಿಯುದ್ಧ ಮೊದಲ ಸಲ ಸೇರಿತು. ಅಲ್ಲಿನ ಅತಿ ಹಗುರ ತೂಕ ೫೧ ಕಿಲೋ. ವಿಶ್ವ ಸ್ಪರ್ಧೆಗಳಲ್ಲಿ ಆಕೆ ಅಲ್ಲಿಯವರೆಗೆ ಗೆದ್ದದ್ದೆಲ್ಲ ೪೮ ಕಿಲೋ ಮತ್ತು ಅದಕ್ಕೂ ಕೆಳಗಿನ ತೂಕದಲ್ಲಿ. ತಮಗಿಂತ ದೊಡ್ಡ ಆಳುಗಳೊಡನೆ ಹೋರಾಡಿ ಕಂಚು ತಂದರು. ನನ್ನ ಲೆಕ್ಕದಲ್ಲಿ ಕೆಲವು ಚಿನ್ನಗಳಿಗಿಂತ ಆ ಕಂಚೇ ತೂಕದ್ದು. ೨೦೦೭ರಲ್ಲಿ ಅವಳಿ ಮಕ್ಕಳನ್ನು ಹೆತ್ತು ಮರುವರ್ಷವೇ ವಿಶ್ವ ಸ್ಪರ್ಧೆ ಗೆದ್ದರು. ದೆಹಲಿಯಲ್ಲಿ ಆರನೆಯ ಚಿನ್ನ ಗೆದ್ದಾಗ ವಯಸ್ಸು ಮೂವತ್ತೈದು ತುಂಬಿತ್ತು.

ಹುಡುಗರಲ್ಲಿ ಒಂದು ಮಾತು. ಗುರುವಿಲ್ಲದೆ ತಲೆಗೆ ಗುದ್ದಾಡುವುದನ್ನು ಇಂದೇ ನಿಲ್ಲಿಸಿ. ತಲೆಗಾಪು ಚರ್ಮ ಹರಿಯದಂತೆ ಕಾಯುತ್ತದೆ. ಒಳಗೆ ಮೆದುಳು ಅಲುಗುವುದನ್ನು ಅದೂ ಪೂರ್ತಿ ತಡೆಯದು. ಬಟ್ಟೆ ಸುತ್ತಿದ ಕೈ ಏನು ಕಾಯುತ್ತದೆ? ಪೆಟ್ಟು ತಿಂದವನಿಗೆ ತಲೆ ಸುತ್ತಿದರೆ, ವಾಂತಿಯಾದರೆ ಮಲಗಿಸಿ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗುರು ಸಿಗುವವರೆಗೆ ಏರಿಯ ಮೇಲೆ ಓಟ, ಹಗ್ಗದಾಟ, ಕಾಲು ಸರಿಸುವ ಅಭ್ಯಾಸ ಸಾಕು. ಹೆಣ್ಣುಮಕ್ಕಳಿಗೆ ಆಸೆಯಿದ್ದರೆ ಅವರನ್ನೂ ಕಳಿಸಿಕೊಡಿ. ಸೋಮವಾರ ಬೆಳಗ್ಗೆ ಆರಕ್ಕೆ ಶಾಲೆಯ ಬಯಲಿನಲ್ಲಿರುತ್ತೇನೆ. ಹಗ್ಗ ತಾವೇ ತರಬೇಕು.