ಕಡಿವಾಣದಿಂದ ಕಡಗಕ್ಕೆ: ಲುರಿಸ್ತಾನದ ಕಂಚು ಮತ್ತು ಆಧುನಿಕ ಆಭರಣ

ಇರಾನಿನ ಪಶ್ಚಿಮ ಭಾಗದಲ್ಲಿ, ಝಾಗ್ರೋಸ್ ಪರ್ವತಗಳ ಸಾಲುಗಳ ನಡುವೆ ಚಾಚಿಕೊಂಡಿರುವ ಕಣಿವೆಗಳ ನಾಡಿಗೆ ಲುರಿಸ್ತಾನ ಎಂಬ ಹೆಸರಿದೆ. ಕ್ರಿಸ್ತಪೂರ್ವ ಸುಮಾರು 1000ದಿಂದ 650ರ ವರೆಗೆ, ಅಂದರೆ ಕಬ್ಬಿಣ ಆಗಲೇ ಬಳಕೆಗೆ ಬಂದಿದ್ದ ಕಾಲದಲ್ಲಿ, ಈ ಕಣಿವೆಗಳ ಕಂಚುಗಾರರು ಕುದುರೆಯ ಕಡಿವಾಣ, ಕೊಡಲಿ, ಸಾಣೆಕಲ್ಲಿನ ಹಿಡಿ, ಬಟ್ಟೆಗೆ ಚುಚ್ಚುವ ಸೂಜಿ, ಕೈಗೆ ತೊಡುವ ಕಡಗ ಮುಂತಾದ ನಿತ್ಯಬಳಕೆಯ ವಸ್ತುಗಳಿಗೆ ಬೇರೆಲ್ಲೂ ಕಾಣದಂಥ ರೂಪ ಕೊಟ್ಟರು. ಅವರು ತಮ್ಮದೆಂಬ ಬರಹವನ್ನು ಬಿಟ್ಟುಹೋಗಿಲ್ಲ. ಅವರ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಅವರ ಕಂಚೇ ಹೇಳಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ಕಂಚು ಯುರೋಪಿನ ಕಲಾಮಾರುಕಟ್ಟೆಗೆ ಬಂದಿತು. ಪುರಾತನ ಇರಾನಿನ ಲೋಹಕಲೆಗೂ ಇಂದಿನ ಬೆಲೆಬಾಳುವ ಆಭರಣ ಮತ್ತು ಉಡುಪಿನ ಲೋಕಕ್ಕೂ ಇರುವ ಸಂಬಂಧ ಕೆಲವೆಡೆ ವಂಶದ್ದು, ಕೆಲವೆಡೆ ಬರೀ ಹೋಲಿಕೆಯದು. ಇವೆರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಲುರಿಸ್ತಾನದ ಕಂಚುಗಳಲ್ಲಿ ಕಡಿವಾಣದಷ್ಟು ಬೆರಗು ಹುಟ್ಟಿಸುವ ವಸ್ತು ಇನ್ನೊಂದಿಲ್ಲ. ಕುದುರೆಯ ಬಾಯೊಳಗೆ ಅಡ್ಡಲಾಗಿ ಕೂರುವ ಒಂದು ಸರಳು, ಅದರ ಎರಡು ತುದಿಗಳಲ್ಲಿ ಕುದುರೆಯ ಕೆನ್ನೆಗೆ ಒತ್ತಿಕೊಳ್ಳುವ ಎರಡು ಫಲಕಗಳು, ಇಷ್ಟೇ ಇದರ ರಚನೆ. ಆದರೆ ಆ ಕೆನ್ನೆಫಲಕಗಳನ್ನು ಕಂಚುಗಾರನು ರೆಕ್ಕೆಯುಳ್ಳ ಕಾಡುಮೇಕೆಯಾಗಿ, ಮನುಷ್ಯಮುಖದ ಗೂಳಿಯಾಗಿ, ಹೆಜ್ಜೆಯಿಡುತ್ತಿರುವ ಕುದುರೆಯಾಗಿ ಎರಕ ಹೊಯ್ದಿದ್ದಾನೆ. ಪ್ರಾಣಿಯ ಮೈಯ ನಟ್ಟನಡುವೆ ಸರಳು ತೂರಿಬರಲು ಒಂದು ತೂತು; ತೂರಿಬಂದ ಸರಳಿನ ತುದಿಯನ್ನು ಸುರುಳಿ ಸುತ್ತಿ ಲಗಾಮಿನ ಹಗ್ಗ ಕಟ್ಟಲು ಅನುವು ಮಾಡಿರುತ್ತಾರೆ. ಹೊರಮೈಯಲ್ಲಿ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಗೆರೆಯೆಳೆದು ತೋರಿಸಿದ್ದರೆ, ಅನೇಕ ಫಲಕಗಳ ಒಳಮೈಯಲ್ಲಿ ಕುದುರೆಯ ಕೆನ್ನೆಗೆ ಚುಚ್ಚಿ ಅದನ್ನು ಹತೋಟಿಯಲ್ಲಿಡುವ ಮುಳ್ಳುಗಳಿವೆ. ಹೀಗೆ ನೋಡುವವರಿಗೆ ಸೊಬಗು, ಪ್ರಾಣಿಗೆ ಬಿಗಿ ಎಂಬ ಎರಡು ಮುಖಗಳು ಒಂದೇ ಅಂಗೈಯಗಲದ ಲೋಹದಲ್ಲಿ ಸೇರಿಕೊಂಡಿವೆ.

ಇಂಥ ರೂಪಗಳು ಸಾಧ್ಯವಾದದ್ದು ಮೇಣದ ಎರಕದಿಂದ. ಮೊದಲು ಜೇನುಮೇಣದಲ್ಲಿ ವಸ್ತುವಿನ ಪ್ರತಿರೂಪವನ್ನು ತಿದ್ದಿ, ಅದರ ಮೇಲೆ ಜೇಡಿಮಣ್ಣನ್ನು ಮೆತ್ತಿ ಒಣಗಿಸಿ, ಕಾಯಿಸಿದಾಗ ಮೇಣ ಕರಗಿ ಹರಿದು ಖಾಲಿಯಾದ ಜಾಗಕ್ಕೆ ಕರಗಿದ ಕಂಚನ್ನು ಹೊಯ್ಯುವುದೇ ಈ ವಿಧಾನ. ತಾಮ್ರಕ್ಕೆ ತವರ ಬೆರೆಸಿದರೆ ಕಂಚಾಗುತ್ತದೆ. ತವರ ಸೇರಿದಾಗ ಲೋಹ ಕಡಿಮೆ ಶಾಖಕ್ಕೆ ಕರಗಿ, ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯುತ್ತದೆ. ಕನ್ನಡ ನಾಡಿಗೆ ಈ ವಿಧಾನ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೇಣದ ವಿಗ್ರಹಕ್ಕೆ ಉಮ್ಮತ್ತಿ ಹೂವಿನಂತೆ ಬಾಯಗಲಿಸಿದ ನಾಳಗಳನ್ನು ಜೋಡಿಸುವುದು, ತೆಳುವಾಗಿ ಮಣ್ಣು ಬಳಿದು ನೆರಳಿನಲ್ಲಿ ಒಣಗಿಸುವುದು, ಮೇಣದ ತೂಕವನ್ನು ಮೊದಲೇ ತೂಗಿ ಅದರಿಂದ ಲೋಹದ ಲೆಕ್ಕ ಹಾಕುವುದು, ಇವೆಲ್ಲ ವಿವರವಾಗಿ ಬಂದಿವೆ. ಒಂದು ಎರಕಕ್ಕೆ ಒಂದು ಅಚ್ಚು, ಅದನ್ನು ಒಡೆದೇ ವಸ್ತುವನ್ನು ಹೊರತೆಗೆಯಬೇಕು ಎಂಬುದರಿಂದಾಗಿ ಲುರಿಸ್ತಾನದ ಯಾವ ಎರಡು ಕಂಚುಗಳೂ ತದ್ರೂಪವಾಗಿರುವುದಿಲ್ಲ. ಒಂದೇ ಒಂದು ಎಂಬ ಗುಣಕ್ಕೆ ಇಂದಿನ ಶ್ರೀಮಂತ ಆಭರಣ ಮಳಿಗೆಗಳು ದೊಡ್ಡ ಬೆಲೆ ಕಟ್ಟುತ್ತವೆ. ಝಾಗ್ರೋಸಿನ ಕಂಚುಗಾರನಿಗೆ ಅದು ಕಸುಬಿನ ಸಹಜ ಫಲವಾಗಿತ್ತು.

ಯುರೋಪಿನ ಉಡುಪಿನ ಲೋಕಕ್ಕೆ ಪರ್ಷಿಯದ ಮೋಹ ಹತ್ತಿದ್ದು ಈ ಕಂಚುಗಳಿಂದ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಪಾಲ್ ಪೊಯರೆ 1911ರ ಜೂನ್ ತಿಂಗಳಲ್ಲಿ ಪರ್ಷಿಯದ ವೇಷಭೂಷಣಗಳ ದೊಡ್ಡ ಔತಣವೊಂದನ್ನು ಏರ್ಪಡಿಸಿದಾಗ, ಅವನ ಕಣ್ಣ ಮುಂದಿದ್ದದ್ದು ಕಿರುಚಿತ್ರಗಳ ಪರ್ಷಿಯ, ಪೇಟ ಮತ್ತು ಗರಿಗಳ ಪರ್ಷಿಯ. ಆಭರಣ ತಯಾರಕ ಲೂಯಿ ಕಾರ್ಟಿಯೇ ಸಂಗ್ರಹಿಸಿದ್ದೂ ಬಹುಪಾಲು ಆ ಇಸ್ಲಾಮೀ ಕಾಲದ ಚಿತ್ರ ಮತ್ತು ಹಸ್ತಪ್ರತಿಗಳನ್ನೇ. ಅವುಗಳ ನಕ್ಷೆಗಳು ಆ ಸಂಸ್ಥೆಯ ಒಡವೆಗಳಿಗೆ ಹೇಗೆ ಹರಿದುಬಂದವು ಎಂಬುದನ್ನು ಪ್ಯಾರಿಸ್ಸಿನ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯವು 2021ರಲ್ಲಿ ಒಂದು ಪೂರ್ಣ ಪ್ರದರ್ಶನದ ಮೂಲಕವೇ ತೋರಿಸಿಕೊಟ್ಟಿತು.

ಬೆಟ್ಟದ ಕಂಚು ಬಂದದ್ದು ಅನಂತರ. 1920ರ ದಶಕದ ಕೊನೆಯಲ್ಲಿ ಹರ್ಸಿನ್ ಪಟ್ಟಣದ ಸುತ್ತಮುತ್ತಲ ಹಳ್ಳಿಗರು ಹಳೆಯ ಗೋರಿಗಳನ್ನು ಅಗೆದು ತೆಗೆದ ವಸ್ತುಗಳು ವ್ಯಾಪಾರಿಗಳ ಕೈಸೇರಿ, ಅಲ್ಲಿಂದ ತೆಹ್ರಾನ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳ ಅಂಗಡಿಗಳನ್ನು ತಲುಪಿದವು. ಇರಾನಿನ ಪುರಾತತ್ವ ಸೇವೆಯ ಮುಖ್ಯಸ್ಥನಾಗಿದ್ದ ಫ್ರೆಂಚ್ ವಾಸ್ತುಶಿಲ್ಪಿ ಆಂದ್ರೆ ಗೊದಾರ್ ಈ ಕಂಚುಗಳ ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1931ರಲ್ಲಿ. ಅದೇ ವರ್ಷ ಲಂಡನ್ನಿನ ಬರ್ಲಿಂಗ್ಟನ್ ಹೌಸ್‌ನಲ್ಲಿ ನಡೆದ ಪರ್ಷಿಯನ್ ಕಲೆಯ ಮಹಾಪ್ರದರ್ಶನದಲ್ಲಿ ಜನ ಈ ಕಂಚುಗಳನ್ನು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಂಡರು. ಎದುರುಬದುರಾಗಿ ನಿಂತ ಎರಡು ಮೃಗಗಳ ಕುತ್ತಿಗೆಯನ್ನು ಎರಡು ಕೈಗಳಲ್ಲಿ ಹಿಡಿದ ಮನುಷ್ಯಾಕೃತಿ, ಅದರ ಸೊಂಟದಲ್ಲೂ ಮತ್ತೊಂದು ಮುಖ, ಮೃಗಗಳ ಬೆನ್ನಿನಿಂದ ಚಿಮ್ಮುವ ಹುಂಜದ ತಲೆಗಳು: ವಿದ್ವಾಂಸರು ‘ಮೃಗಗಳ ಒಡೆಯ’ ಎಂದು ಕರೆಯುವ ಈ ಆಕೃತಿಯಲ್ಲಿ ಎಲ್ಲಿ ಪ್ರಾಣಿ ಮುಗಿದು ಎಲ್ಲಿ ಬಳ್ಳಿಯಂಥ ಗೆರೆ ಆರಂಭವಾಗುತ್ತದೆ ಎಂದು ಹೇಳುವುದೇ ಕಷ್ಟ. ಶಿಲ್ಪದಲ್ಲಿ ಸರಳ, ಬಲವಾದ ಹೊರಗೆರೆಯನ್ನು ಅರಸುತ್ತಿದ್ದ ಆ ಕಾಲದ ಕಣ್ಣಿಗೆ ಇದು ಪ್ರಾಚೀನವೂ ಹೌದು, ತೀರ ಹೊಸದೂ ಹೌದು ಎನಿಸಿತು.

ಇನ್ನು ವಂಶದ ಮಾತು. ಲುರಿಸ್ತಾನದ ಕಂಚಿನ ಕಡಗಗಳಲ್ಲಿ ಹಲವು ಪೂರ್ತಿ ಮುಚ್ಚಿದ ಬಳೆಗಳಲ್ಲ. ಎರಡು ತುದಿಗಳ ನಡುವೆ ಸಂದು ಬಿಟ್ಟು, ಆ ತುದಿಗಳಿಗೆ ಸಿಂಹದ ಅಥವಾ ಬೇರೆ ಪ್ರಾಣಿಯ ತಲೆಗಳನ್ನು ಕೂರಿಸಿದಂಥವು. ಪಶ್ಚಿಮ ಏಷ್ಯದಲ್ಲಿ ಹಲವೆಡೆ ಬಳಕೆಯಲ್ಲಿದ್ದ ಈ ರೂಪವನ್ನು ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಸಾಮ್ರಾಜ್ಯ ಕಟ್ಟಿದ ಅಕೆಮೆನಿಡ್ ದೊರೆಗಳ ಅಕ್ಕಸಾಲಿಗರು ಚಿನ್ನಕ್ಕೆ ಏರಿಸಿದರು. ಪರ್ಸೆಪೊಲಿಸ್ ಅರಮನೆಯ ಮೆಟ್ಟಿಲುಗೋಡೆಯ ಉಬ್ಬುಶಿಲ್ಪದಲ್ಲಿ ಕಪ್ಪ ತರುವವರು ಇಂಥ ಕಡಗಗಳನ್ನು ಹಿಡಿದು ನಡೆಯುತ್ತಾರೆ. 1901ರಲ್ಲಿ ಜಾಕ್ ದ ಮಾರ್ಗನ್ ಸೂಸಾ ನಗರದಲ್ಲಿ ಅಗೆಸಿದಾಗ ಕಂಚಿನ ಶವಪೆಟ್ಟಿಗೆಯೊಂದರೊಳಗೆ ಸಿಂಹದ ತಲೆಗಳುಳ್ಳ ಚಿನ್ನದ ಕಡಗಗಳು ದೊರೆತವು; ಅವು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯವನ್ನು ಸೇರಿದವು. ಲೂವ್ರ್‌ನಿಂದ ಕಾರ್ಟಿಯೇ ಸಂಸ್ಥೆಯ ಮಳಿಗೆಯಿರುವ ಬೀದಿಗೆ ನಡೆದೇ ಹೋಗಬಹುದು.

ಆದರೂ 1920ರ ದಶಕದಲ್ಲಿ ಕಾರ್ಟಿಯೇ ಸಂಸ್ಥೆ ತಯಾರಿಸಿದ, ಎದುರುಬದುರು ಮೃಗಮುಖಗಳ ಪ್ರಸಿದ್ಧ ಕಡಗಗಳಿಗೆ ಹತ್ತಿರದ ಮಾದರಿ ಇರಾನಿನದ್ದಲ್ಲ, ಭಾರತದ್ದು. ಜಾಕ್ ಕಾರ್ಟಿಯೇ 1911ರ ದಿಲ್ಲಿ ದರ್ಬಾರಿಗೆ ಬಂದುಹೋದ ಬಳಿಕ ಆ ಮನೆತನಕ್ಕೂ ಭಾರತದ ಒಡವೆಗಳಿಗೂ ನಂಟು ಗಟ್ಟಿಯಾಯಿತು. ಆ ಕಡಗಗಳ ಮುಖಗಳು ಇಲ್ಲಿನ ಮಕರಮುಖದ ಕಡಗದ ಮರುರೂಪಗಳು. ಮೊಸಳೆ, ಆನೆ, ಮೀನುಗಳ ಅಂಗಗಳನ್ನು ಒಂದುಗೂಡಿಸಿದ ಕಲ್ಪಿತ ಜಲಪ್ರಾಣಿಯೇ ಮಕರ; ಬೇಲೂರು, ಹಳೇಬೀಡುಗಳ ತೋರಣಗಳಲ್ಲಿ ಅದನ್ನು ಕಾಣದ ಕನ್ನಡಿಗರು ವಿರಳ. ಅಕೆಮೆನಿಡ್ ಸಾಮ್ರಾಜ್ಯದ ಗಡಿ ಸಿಂಧೂ ಕಣಿವೆಯವರೆಗೆ ಚಾಚಿದ್ದುದರಿಂದ, ಪ್ರಾಣಿಮುಖದ ಕಡಗವು ಆ ದಾರಿಯಲ್ಲಿ ಪೂರ್ವಕ್ಕೆ ಬಂದು ಇಲ್ಲಿನ ಮೃಗಗಳ ಮುಖವನ್ನು ತೊಟ್ಟುಕೊಂಡಿರಬಹುದೆಂದು ಊಹಿಸಲು ಅವಕಾಶವಿದೆ. ಹಾಗಿದ್ದರೆ ಇರಾನಿನ ರೂಪವೊಂದು ಪ್ಯಾರಿಸ್ಸಿಗೆ ಎರಡು ದಾರಿಗಳಲ್ಲಿ ಬಂದಂತಾಯಿತು: ಒಂದು ಸೂಸಾದ ಗೋರಿಯಿಂದ ನೇರವಾಗಿ, ಇನ್ನೊಂದು ಭಾರತದ ಅಕ್ಕಸಾಲಿಗರ ಕೈಯಿಂದ ಬಳಸಿಕೊಂಡು.

ಕಡಿವಾಣದ ಕಥೆ ಹೀಗಲ್ಲ. 1837ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಎರ್ಮೆಸ್ ಸಂಸ್ಥೆ ಮೊದಲು ಕುದುರೆಯ ಸಜ್ಜು ತಯಾರಿಸುತ್ತಿದ್ದ ಕಾರ್ಯಾಗಾರ. ಇಟಲಿಯ ಗುಚ್ಚಿ ಸಂಸ್ಥೆ 1953ರಲ್ಲಿ ಪುಟ್ಟ ಲೋಹದ ಕಡಿವಾಣವನ್ನು ಚರ್ಮದ ಪಾದರಕ್ಷೆಯ ಮೇಲೆ ಕೂರಿಸಿ ಅದನ್ನೇ ತನ್ನ ಗುರುತಾಗಿಸಿಕೊಂಡಿತು. ಇವೆರಡಕ್ಕೂ ಮೂಲ ಯುರೋಪಿನ ಶ್ರೀಮಂತರ ಕುದುರೆಸವಾರಿಯೇ ಹೊರತು ಝಾಗ್ರೋಸಿನ ಗೋರಿಗಳಲ್ಲ. ಅಂಗಡಿಯ ಗಾಜಿನಾಚೆಗೆ ಕಂಡ ಹೋಲಿಕೆಯನ್ನು ಪ್ರಭಾವವೆಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ಪ್ರಾಣಿಯನ್ನು ಅಂಕೆಯಲ್ಲಿಡುವ ಉಪಕರಣವನ್ನೇ ಒಡೆಯನ ಅಂತಸ್ತಿನ ಲಾಂಛನವಾಗಿಸುವ ಯೋಚನೆ ಎರಡು ಸಮಾಜಗಳಿಗೆ ಬೇರೆಬೇರೆಯಾಗಿ ಹೊಳೆದಿದೆ, ಮತ್ತು ಲುರಿಸ್ತಾನದ ಜನ ಅದನ್ನು ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ, ಇನ್ನೂ ಧಾರಾಳವಾಗಿ ಸಾಧಿಸಿದ್ದರು ಎಂಬುದೇ ಸತ್ಯಕ್ಕೆ ಹತ್ತಿರವಾದ ಮಾತು.

ಬೇಡಿಕೆ ಏರಿದಷ್ಟೂ ನಷ್ಟವೂ ಏರಿತು. ಒಂದು ಕಂಚು ಯಾರ ಗೋರಿಯಲ್ಲಿ, ಯಾವ ಮಡಕೆಯ ಪಕ್ಕದಲ್ಲಿ, ಎಷ್ಟು ಆಳದಲ್ಲಿತ್ತು ಎಂಬ ವಿವರವೇ ಅದರ ಅರ್ಧ ಚರಿತ್ರೆ. ಕದ್ದು ಅಗೆದ ವಸ್ತುವಿಗೆ ಆ ಅರ್ಧ ಇಲ್ಲ. ನಕಲಿ ಕಂಚುಗಳೂ ಮಾರುಕಟ್ಟೆಗೆ ಬಂದವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದ ವಿದ್ವಾಂಸ ಆಸ್ಕರ್ ವೈಟ್ ಮಸ್ಕರೆಲ್ಲಾ ಅವನ್ನು ಬಯಲಿಗೆಳೆಯಲು ದಶಕಗಳ ಕಾಲ ದುಡಿದರು. ಬೆಲ್ಜಿಯಂನ ಲೂಯಿ ವಾಂಡೆನ್ ಬರ್ಗ್ 1965ರಿಂದ 1979ರ ವರೆಗೆ ಈ ನಾಡಿನ ಗೋರಿಬಯಲುಗಳನ್ನು ಶಿಸ್ತಿನಿಂದ ಅಗೆದು ದಾಖಲಿಸಿದ್ದರಿಂದ ಕಾಲಾನುಕ್ರಮವೇನೋ ಸ್ಪಷ್ಟವಾಯಿತು. ಆದರೆ ಸಂಗ್ರಹಾಲಯಗಳಲ್ಲಿ ತುಂಬಿರುವ ಚಿತ್ತಾರದ ಕಡಿವಾಣಗಳು ಇಂಥ ಕ್ರಮಬದ್ಧ ಉತ್ಖನನಗಳಲ್ಲಿ ದೊರೆತದ್ದು ಬಹು ವಿರಳ.

ಈ ಕೊರತೆಯ ನಡುವೆ ಸುರ್ಖ್ ದುಮ್ ಎಂಬ ನೆಲೆಗೆ ವಿಶೇಷ ಬೆಲೆಯಿದೆ. ಅಲ್ಲಿ 1938ರಲ್ಲಿ ಎರಿಕ್ ಶ್ಮಿಟ್ ತಂಡ ಅಗೆದಾಗ ಗೋರಿಯ ಬದಲು ದೇಗುಲದಂಥ ಕಟ್ಟಡವೊಂದು ಕಾಣಿಸಿತು, ಅದರ ಗೋಡೆಗಳೊಳಗೆ ಸಿಕ್ಕಿಸಿಟ್ಟ ಹಲವಾರು ಕಂಚಿನ ಸೂಜಿಗಳು ದೊರೆತವು. ಹೊಲಿಯುವ ಸೂಜಿಗಳಲ್ಲ ಅವು. ಹೊದ್ದ ಬಟ್ಟೆಯ ಅಂಚುಗಳನ್ನು ಕೂಡಿಸಿ ಚುಚ್ಚುವ, ತಲೆಯ ಭಾಗದಲ್ಲಿ ದುಂಡನೆಯ ತಗಡುಳ್ಳ ಉಡುಪಿನ ಸೂಜಿಗಳು. ತಗಡನ್ನು ಹಿಂದಿನಿಂದ ಬಡಿದು ಮುಂದಕ್ಕೆ ಉಬ್ಬಿಸಿ ಮಾಡಿದ ಚಿತ್ರಗಳಲ್ಲಿ ನೇರವಾಗಿ ನೋಡುವ ಹೆಣ್ಣುಮುಖವೊಂದು ಮತ್ತೆ ಮತ್ತೆ ಬರುತ್ತದೆ. ಒಂದೆರಡರಲ್ಲಿ ಹೆರಿಗೆಯ ದೃಶ್ಯವೂ ಇದೆ. ಮೈಮೇಲಿನ ಸೆರಗನ್ನು ಹಿಡಿದು ನಿಲ್ಲಿಸುತ್ತಿದ್ದ ಒಡವೆಯನ್ನು ಯಾರೋ ತೆಗೆದು, ಹರಕೆಯಾಗಿ ದೇವರ ಗೋಡೆಯ ಸಂದಿಯಲ್ಲಿ ಇಟ್ಟುಹೋಗಿದ್ದಾರೆ.